ಅಮ್ಮನ ಮುಂದೆ ಅಳದಿರುವುದು ತಪ್ಪೇ?

ಪ್ರಶ್ನೆ: ನನಗೆ 24 ವರ್ಷ. ತಿಪಟೂರಿನ ಹತ್ತಿರದ ಹಳ್ಳಿಯವಳಾದ ನಾನು ಎರಡು ವರ್ಷಗಳಿಂದ ಬೆಂಗಳೂರಿನ ಪಿ.ಜಿ.ಯಲ್ಲಿದ್ದು ಕೆಲಸ ಮಾಡುತ್ತಿದ್ದೇನೆ. ಒತ್ತಡ ತಾಳಲಾರದೆ ಎಷ್ಟೋ ರಾತ್ರಿ ಅಳುತ್ತೇನೆ. ಆದರೆ ನಾನು ಅತ್ತರೆ ಅಮ್ಮ ನಿದ್ದೆಗೆಡುತ್ತಾರೆಂದು ಫೋನಿನಲ್ಲಿ ‘ಚೆನ್ನಾಗಿದ್ದೀನಮ್ಮ’ ಎಂದಷ್ಟೇ ಹೇಳುತ್ತೇನೆ. ಭಾವನೆಗಳನ್ನು ಬಚ್ಚಿಟ್ಟುಕೊಂಡರೆ ಮನಸ್ಸಿನ ಆರೋಗ್ಯ ಕೆಡುತ್ತದೆ ಎಂದು ಸಹೋದ್ಯೋಗಿಯೊಬ್ಬರು ಎಚ್ಚರಿಸಿದ್ದಾರೆ. ನಾನು ಮಾಡುತ್ತಿರುವುದು ತಪ್ಪೇ?

ಉತ್ತರ: ಅಮ್ಮನ ನಿದ್ದೆ ಕಾಯುವುದು ತಪ್ಪಲ್ಲ. ನನಗೆ ಚಿಂತೆಯಾದದ್ದು, ಅಳುವ ಆ ರಾತ್ರಿಗಳಲ್ಲಿ ನಿಮ್ಮ ಜೊತೆ ಯಾರಿರುತ್ತಾರೆಂಬುದನ್ನು ನೀವು ಎಲ್ಲಿಯೂ ಬರೆದಿಲ್ಲದಿರುವುದರಿಂದ.

ನಿಮ್ಮ ಸಹೋದ್ಯೋಗಿಯ ಮಾತಿಗೆ ಆಧಾರವಿದೆ. ಭಾವನೆಯನ್ನು ಹೊರಗೆ ತೋರದೆ ಅದುಮಿಕೊಳ್ಳುವ ರೂಢಿಯುಳ್ಳವರಲ್ಲಿ ಸಂತೋಷವೂ ಆಪ್ತರ ಆಸರೆಯೂ ಕಡಿಮೆ ಇರುತ್ತವೆ ಎಂದು ಮನೋವಿಜ್ಞಾನಿಗಳಾದ ಜೇಮ್ಸ್ ಗ್ರಾಸ್ ಮತ್ತು ಆಲಿವರ್ ಜಾನ್ 2003ರಲ್ಲಿ ತೋರಿಸಿದರು. ಅವರು ಅಧ್ಯಯನ ಮಾಡಿದ್ದು ಅಮೆರಿಕದ ಕಾಲೇಜು ವಿದ್ಯಾರ್ಥಿಗಳನ್ನು. 2007ರಲ್ಲಿ ಎಮಿಲಿ ಬಟ್ಲರ್ ಮತ್ತು ಸಂಗಡಿಗರು ಅಮೆರಿಕದಲ್ಲಿಯೇ ಯುವತಿಯರನ್ನು ಅಧ್ಯಯನ ಮಾಡಿದಾಗ, ಹೀಗೆ ಅದುಮಿಕೊಳ್ಳುವುದರ ಕೆಟ್ಟ ಪರಿಣಾಮಗಳು ಏಷ್ಯಾದ ಮೌಲ್ಯಗಳನ್ನು ಹೆಚ್ಚಾಗಿ ಒಪ್ಪಿದವರಲ್ಲಿ ಕಡಿಮೆಯಾಗಿದ್ದವು. ತನ್ನ ರಕ್ಷಣೆಗಾಗಿ ಮುಚ್ಚಿಡುವುದಕ್ಕೂ ಇನ್ನೊಬ್ಬರು ನೋಯದಿರಲೆಂದು ತಡೆದುಕೊಳ್ಳುವುದಕ್ಕೂ ಇರುವ ವ್ಯತ್ಯಾಸ ಇಲ್ಲಿ ಮುಖ್ಯವೆಂದು ನಾನು ಭಾವಿಸುತ್ತೇನೆ, ಮತ್ತು ನೀವು ಮಾಡುತ್ತಿರುವುದು ಎರಡನೆಯದನ್ನು.

ಆದರೆ ನಮ್ಮ ಸಂಸ್ಕೃತಿ ಬರೀ ತಡೆದುಕೊಳ್ಳುವುದನ್ನು ಕಲಿಸಲಿಲ್ಲ. ಅತ್ತೆಯ ಎದುರು ತುಟಿ ಬಿಚ್ಚಲಾಗದ ಸೊಸೆಯಂದಿರು ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಕುಳಿತು ತವರಿನ ನೆನಪನ್ನೂ ಗಂಡನ ಮನೆಯ ಬವಣೆಯನ್ನೂ ತ್ರಿಪದಿಗಳಲ್ಲಿ ಹಾಡಿಕೊಂಡರು. ಜೊತೆಯಲ್ಲಿ ಬೀಸುವವಳು ದನಿಗೂಡಿಸುತ್ತಿದ್ದಳು, ನೇರವಾಗಿ ಆಡಲಾಗದ ಮಾತು ಹಾಡಾಗಿ ಇನ್ನೊಂದು ಕಿವಿಯನ್ನು ಮುಟ್ಟುತ್ತಿತ್ತು. ಆ ಬದುಕಿನ ಕಷ್ಟವನ್ನು ನಾನು ಹೊಗಳುತ್ತಿಲ್ಲ. ತಡೆದುಕೊಳ್ಳುವ ರೂಢಿ ಮನೆಯಿಂದ ನಿಮ್ಮ ಜೊತೆ ಪಿ.ಜಿ. ಕೋಣೆಯವರೆಗೂ ಬಂದಿದೆ, ಜೊತೆಗೆ ಬೀಸುವವಳು ಮಾತ್ರ ಬಂದಿಲ್ಲ ಎಂಬುದು ನನ್ನನ್ನು ಕಾಡುತ್ತದೆ. ಅಂಥ ಒಬ್ಬರನ್ನು, ಎಚ್ಚರಿಸಿದ ಆ ಸಹೋದ್ಯೋಗಿಯೇ ಆಗಲಿ, ದಯವಿಟ್ಟು ಹುಡುಕಿಕೊಳ್ಳಿ.

ನಮ್ಮಲ್ಲಿ ಅನೇಕರಿಗೆ ‘ದುಃಖವಾಗಿದೆ’ ಎನ್ನುವುದಕ್ಕಿಂತ ‘ಎದೆ ಭಾರ’, ‘ಹೊಟ್ಟೆಯಲ್ಲಿ ಸಂಕಟ’ ಎನ್ನುವುದು ಸಲೀಸು. ಹಾಗೆಯೇ ಹೇಳಿ, ಅದೂ ಹೇಳಿದಂತೆಯೇ. ಆದರೆ ಅಳು, ನಿದ್ದೆಗೇಡು, ಊಟ ಸೇರದಿರುವುದು ಎರಡು ವಾರ ದಾಟಿದರೆ ವೈದ್ಯರನ್ನು ಕಾಣಲೇಬೇಕು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿಗೆ, 14416ಕ್ಕೆ, ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಇನ್ನು ಅಮ್ಮನ ವಿಷಯ. ಫೋನಿನಲ್ಲಿ ಎಲ್ಲವನ್ನೂ ಹೇಳಬೇಕಿಲ್ಲ. ‘ಇವತ್ತು ಯಾಕೋ ಬೇಜಾರು, ನೀನೇ ಏನಾದರೂ ಮಾತಾಡಮ್ಮ’ ಎಂದು ಒಂದು ದಿನ ಹೇಳಿ ನೋಡಿ. ಉಳಿದದ್ದನ್ನು ಮುಂದಿನ ಸಲ ಊರಿಗೆ ಹೋದಾಗ, ಅಡುಗೆಮನೆಯಲ್ಲಿ ಅವರ ಪಕ್ಕ ಕುಳಿತು ಹೇಳಬಹುದು.