ಕಾಡು ದ್ರಾಕ್ಷಿಯ ಮೇಲಿರುವ ಯೀಸ್ಟ್ ನಂಬಿ ವೈನ್ ಮಾಡಬಹುದಾ?

ಹಣ್ಣಿನ ಮೇಲಿನ ಬಿಳಿ ಪುಡಿಯೇ ಯೀಸ್ಟ್ ಅಲ್ವಾ, ಅದಿದ್ದ ಮೇಲೆ ಪ್ಯಾಕೆಟ್ ಯೀಸ್ಟ್ ಯಾಕೆ ಅಂತ ಕೇಳಿದ್ದೀರಿ. ಆ ಪುಡಿ ಬರೀ ಮೇಣ. ಯೀಸ್ಟ್ ಬರಿಗಣ್ಣಿಗೆ ಕಾಣುವುದಿಲ್ಲ.

ದ್ರಾಕ್ಷಿ ತೊಳೆದ ನೀರಿನಿಂದ ಯೀಸ್ಟ್ ಬೆಳೆಸಿ ಬೇರ್ಪಡಿಸುವುದೇ ನನ್ನ ಕೆಲಸ. ಸಕ್ಕರೆಯನ್ನೆಲ್ಲ ಮದ್ಯವಾಗಿಸುವ ಸ್ಯಾಕರೊಮೈಸಿಸ್ ಸೆರೆವಿಸಿಯೆ ಎಂಬ ಯೀಸ್ಟ್ (ಪ್ಯಾಕೆಟ್ಟಿನಲ್ಲಿ ಬರುವುದು ಇದೇ) ಸಿಪ್ಪೆ ಒಡೆಯದ ಹಣ್ಣಿನ ಮೇಲೆ ಸಿಗುವುದೇ ಅಪರೂಪ. ಇಟಲಿಯ ತೋಟಗಳ ಬಗ್ಗೆ 1999ರಲ್ಲಿ ಬಂದ ಅಧ್ಯಯನದ ಪ್ರಕಾರ ಸಾವಿರ ಹಣ್ಣಿಗೆ ಸುಮಾರು ಒಂದರಲ್ಲಿ ಅದಿತ್ತು; ಸಿಪ್ಪೆ ಒಡೆದವುಗಳಲ್ಲಿ ನಾಲ್ಕಕ್ಕೊಂದು. ಕಣಜಗಳು ಅದನ್ನು ಕರುಳಲ್ಲಿಟ್ಟುಕೊಂಡು ಚಳಿಗಾಲ ದಾಟಿಸುತ್ತವೆ ಅನ್ನುವುದು 2012ರಲ್ಲಿ ಗೊತ್ತಾಯಿತು.

ಹಾಗಾದರೆ ಹಣ್ಣಿನ ಮೇಲೆ ಇರುವುದೇನು? ಸೂಕ್ಷ್ಮದರ್ಶಕದಲ್ಲಿ ಎರಡೂ ತುದಿ ಚೂಪಾದ, ನಿಂಬೆಕಾಯಿ ಆಕಾರದ ಕೋಶಗಳು ಕಂಡರೆ ಹೆಚ್ಚಾಗಿ ಅದು ಹ್ಯಾನ್ಸೆನಿಯಾಸ್ಪೋರಾ ಎಂಬ ಯೀಸ್ಟ್. ಹುದುಗು ಶುರುಮಾಡುವುದು ಇದೇ, ಮಿತಿಮೀರಿದರೆ ನೇಲ್ ಪಾಲಿಶ್ ವಾಸನೆ ಹತ್ತಿಸುವುದೂ ಇದೇ. ಮೆಟ್ಶ್ನಿಕೋವಿಯಾ ಪುಲ್ಕೆರಿಮಾ ಎಂಬ ಇನ್ನೊಂದು ಯೀಸ್ಟ್, ಕಬ್ಬಿಣದ ಅಂಶ ಬೆರೆಸಿದ ಆಹಾರವಿರುವ ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದರೆ ಕಂದುಗೆಂಪು ಬಣ್ಣ ಬಿಡುತ್ತದೆ. ಸುತ್ತಲಿನ ಕಬ್ಬಿಣವನ್ನು ಹೀಗೆ ಹಿಡಿದಿಟ್ಟುಕೊಂಡು ಬೂಷ್ಟಿಗೆ ಸಿಗದಂತೆ ಮಾಡುವ ಜಾಣ ಇದು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಲಕಾನ್ಸಿಯಾ ಥರ್ಮೊಟಾಲರನ್ಸ್: ಸಕ್ಕರೆಯ ಒಂದು ಪಾಲನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತದೆ. ಬಿಸಿಲು ಹೆಚ್ಚಾಗಿ ಹಣ್ಣು ಸಿಹಿಯಾಗಿ ಹುಳಿ ಕಳೆದುಕೊಳ್ಳುವ ಕಡೆ ಇದಕ್ಕಿರುವ ಬೆಲೆ ದೊಡ್ಡದು.

ಯುರೋಪಿನ ನದಿತೀರದ ಕಾಡುಗಳಿಂದ ಕಾಕಸಸ್‌ವರೆಗೆ ಹಬ್ಬಿರುವ ಕಾಡು ದ್ರಾಕ್ಷಿಬಳ್ಳಿಗಳನ್ನು ಸಂಶೋಧಕರು ಹುಡುಕಿಕೊಂಡು ಹೋಗುವುದು ಇಂಥವಕ್ಕಾಗಿಯೇ. ಅಲ್ಲಿ ಔಷಧಿ ಹೊಡೆಯುವವರಿಲ್ಲ, ಹತ್ತಿರದ ವೈನರಿಯಿಂದ ಪ್ಯಾಕೆಟ್ ಯೀಸ್ಟ್ ಬಂದು ಸೇರಿಕೊಳ್ಳುವುದೂ ಕಡಿಮೆ. ಆದರೆ ಕಾಡಿನದು ಅಂದಮಾತ್ರಕ್ಕೆ ಒಳ್ಳೆಯದಲ್ಲ. ಇವುಗಳಲ್ಲಿ ಬಹುಪಾಲು ಮದ್ಯ ಏರುತ್ತಿದ್ದಂತೆ ಸುಸ್ತಾಗಿ, ಸಕ್ಕರೆ ಹಾಗೇ ಉಳಿಯುತ್ತದೆ. ಅದಕ್ಕೇ ವೃತ್ತಿಯವರು ಆಯ್ದ ಕಾಡು ಯೀಸ್ಟ್ ಮೊದಲು ಹಾಕಿ, ಒಂದೆರಡು ದಿನ ಬಿಟ್ಟು ಸ್ಯಾಕರೊಮೈಸಿಸ್ ಸೇರಿಸುತ್ತಾರೆ.

ನೀವೂ ಮಾಡುವುದಾದರೆ ಎಲ್ಲಾ ಹಣ್ಣನ್ನೂ ಒಮ್ಮೆಲೇ ಪಣಕ್ಕಿಡಬೇಡಿ. ಬೂಷ್ಟಿಲ್ಲದ ಸ್ವಲ್ಪ ಹಣ್ಣನ್ನು ಮೊದಲೇ ಹಿಸುಕಿ ಹುದುಗಲು ಇಡಿ. ನೊರೆ ಎದ್ದು ಘಮ ಹಿತವಾಗಿದ್ದರೆ ಮಾತ್ರ ಅದನ್ನು ಉಳಿದ ರಸಕ್ಕೆ ಬೆರೆಸಿ. ವಿನೆಗರ್ ಅಥವಾ ನೇಲ್ ಪಾಲಿಶ್ ವಾಸನೆ ಮೂಗಿಗೆ ಹೊಡೆದರೆ ಚೆಲ್ಲಿಬಿಡಿ, ಪ್ಯಾಕೆಟ್ ಒಡೆಯಿರಿ.