ಪುಸ್ತಕದಿಂದ ಮುಖ ತಿರುಗಿಸುವ ಕೂಸು

ಕೊಪ್ಪಳ ಜಿಲ್ಲೆಯ ಚೊಚ್ಚಲ ಬಾಣಂತಿಯೊಬ್ಬರ ಪ್ರಕರಣವಿದು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಇದೇ ಅಳಲನ್ನು ಹೊತ್ತು ಬರುವ ತಾಯಂದಿರು ಈಚೆಗೆ ಹೆಚ್ಚುತ್ತಿರುವುದರಿಂದ ಬರೆಯುವುದು ಅಗತ್ಯವೆನಿಸಿತು.

ಮಗುವಿಗೆ ಮೂರು ತಿಂಗಳು ತುಂಬಿತ್ತು; ತಾಯಿ ತವರಿನ ಬಾಣಂತನ ಮುಗಿಸಿ ಗಂಡನ ಮನೆಗೆ ಮರಳಿದ್ದರು. ಹುಟ್ಟಿದಾಗಿನಿಂದಲೇ ಪುಸ್ತಕ ಓದಿ ಹೇಳಿದರೆ ಮಗು ಚುರುಕಾಗುತ್ತದೆ ಎಂಬುದನ್ನು ಮೊಬೈಲಿನಲ್ಲಿ ನೋಡಿದ ಗಂಡ, ಇಂಗ್ಲಿಷ್ ಚಿತ್ರಪುಸ್ತಕಗಳನ್ನು ತರಿಸಿ, ದಿನಾ ಸಂಜೆ ಅರ್ಧ ಗಂಟೆ ಓದಬೇಕೆಂದು ಹೇಳಿದ್ದರು. ಮಗು ಮಾತ್ರ ಒಂದೆರಡು ಪುಟಕ್ಕೇ ಮುಖ ತಿರುಗಿಸಿ ಅಳುತ್ತಿತ್ತು. "ನನ್ನ ಕೂಸಿಗೆ ಏನೋ ಕೊರತಿ ಐತ್ರೀ, ಇಲ್ಲಂದ್ರ ನನ್ನ ದನಿನ ಅದಕ್ಕ ಬ್ಯಾಡಾಗೈತಿ" ಎಂದು ಆ ತಾಯಿ ಅತ್ತರು.

ಬಾಗಿಲು ಬಡಿದ ಸದ್ದಿಗೆ ಮಗು ಬೆಚ್ಚುತ್ತದೆ, ಮುಖ ಕಂಡರೆ ನಗುತ್ತದೆ ಎಂಬುದನ್ನು ಕೇಳಿ ತಿಳಿದುಕೊಂಡೆ. ತಾಯಿಯ ನಿದ್ದೆ, ಊಟ, ಮನಸ್ಸಿನ ಸ್ಥಿತಿಯನ್ನೂ ವಿಚಾರಿಸಿ, ಹೆರಿಗೆಯ ನಂತರದ ಖಿನ್ನತೆಯನ್ನು ಗುರುತಿಸಲು ಬಳಸುವ 10 ಪ್ರಶ್ನೆಗಳ ಎಡಿನ್‌ಬರೋ ಪ್ರಶ್ನಾವಳಿಯನ್ನು ತುಂಬಿಸಿದೆ. ದಣಿವು ಮತ್ತು ಆತಂಕ ಇದ್ದವು, ಖಿನ್ನತೆಯ ಲಕ್ಷಣ ಕಾಣಲಿಲ್ಲ. ಮುಂದಿನ ಭೇಟಿಗೆ ಅತ್ತೆಯನ್ನೂ ಪುಸ್ತಕವನ್ನೂ ಜೊತೆಗೆ ತರಲು ತಿಳಿಸಿದೆ.

ಮನೆಯಲ್ಲಿ ಓದುವಂತೆಯೇ ಇಲ್ಲಿಯೂ ಓದಿ ಎಂದಾಗ, ಅವರು ಮಗುವನ್ನು ತಮಗೆ ಬೆನ್ನಾಗಿಸಿ ತೊಡೆಯ ಮೇಲೆ ಕೂರಿಸಿಕೊಂಡು, ಪುಸ್ತಕವನ್ನು ತೋಳಳತೆಯ ದೂರದಲ್ಲಿ ಹಿಡಿದು, ಸಾಲಿನ ಕೆಳಗೆ ಬೆರಳಾಡಿಸುತ್ತ, ಶಾಲೆಯಲ್ಲಿ ಪಾಠ ಒಪ್ಪಿಸುವ ಏರಿಳಿತವಿಲ್ಲದ ದನಿಯಲ್ಲಿ ಇಂಗ್ಲಿಷ್ ಓದತೊಡಗಿದರು. ಮಗು ಪುಟವನ್ನು ಕೊಂಚ ಹೊತ್ತು ನೋಡಿ, ತಲೆಯನ್ನು ಹಿಂದಕ್ಕೆ ಒತ್ತಿ, ತಾಯಿಯ ಗದ್ದದ ಕಡೆಗೆ ಕಣ್ಣು ಮೇಲೆತ್ತಿತು. ಅವರು ಅಂಗೈಯಿಂದ ಅದರ ತಲೆಯನ್ನು ಪುಸ್ತಕದತ್ತ ತಿರುಗಿಸಿದರು. ಮತ್ತೆ ಹಾಗೆಯೇ ಆಯಿತು, ಕೊನೆಗೆ ಅಳು.

ಅಲ್ಲಿಯವರೆಗೆ ಸುಮ್ಮನಿದ್ದ ಅತ್ತೆ ಹೇಳಿದರು: "ಕೂಸು ಅವರವ್ವನ ಮುಖ ಹುಡುಕಾಕತ್ತೈತಿ ಅಕ್ಕಾರ. ಇಕಿ ನೋಡಿದ್ರ ಮುಖಾನ ಪುಸ್ತಕದಾಗ ಇಟ್ಕೊಂಡು ಕುಂತಾಳ."

ಓದು ಬರಹ ಬಾರದ ಆ ಹಿರಿಯರ ಕೈಗೇ ಪುಸ್ತಕ ಕೊಟ್ಟೆ. ಅವರು ಕಾಲು ಚಾಚಿ, ಎಣ್ಣೆ ಹಚ್ಚಿ ಎರೆಯುವಾಗ ಮಲಗಿಸುವಂತೆ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಬಾಗಿ, ಪುಸ್ತಕವನ್ನು ತಮ್ಮ ಕೆನ್ನೆಯ ಪಕ್ಕಕ್ಕೆ ಹಿಡಿದು, ಚಿತ್ರದಲ್ಲಿದ್ದ ಹಸುವನ್ನು ತೋರಿಸಿ ತಮ್ಮ ಮನೆಯ ಆಕಳ ಸುದ್ದಿ ಹೇಳತೊಡಗಿದರು. ಕೂಸಿನ ಕಣ್ಣು ಮುಖದಿಂದ ಚಿತ್ರಕ್ಕೆ, ಚಿತ್ರದಿಂದ ಮುಖಕ್ಕೆ ಹರಿದಾಡಿತು. ಅದು "ಊ" ಎಂದಾಗ ಅವರು ಮಾತು ನಿಲ್ಲಿಸಿ, "ಹೌದನ ನಮ್ಮಪ್ಪ? ಮುಂದ?" ಎಂದು ಕೇಳಿ, ಅದು ಮತ್ತೆ ದನಿ ತೆಗೆಯುವವರೆಗೂ ಕಾದರು.

"ಇದು ಓದೋದೇನ್ರೀ?" ಎಂದು ಸೊಸೆ ಕೇಳಿದರು. ಈ ವಯಸ್ಸಿಗೆ ಓದುವುದೆಂದರೆ ಇದೇ ಎಂದೆ. ಈ ಮಾತಿಗೆ ಆಧಾರವಿದೆ. ನವಜಾತ ಶಿಶುವಿಗೆ ಸ್ಪಷ್ಟವಾಗಿ ಕಾಣುವುದು ಸುಮಾರು 20ರಿಂದ 30 ಸೆಂಟಿಮೀಟರ್ ದೂರದ ವಸ್ತು, ಅಂದರೆ ಎತ್ತಿಕೊಂಡವರ ಮುಖ. ಮೂರು ತಿಂಗಳಿಗೆ ದೃಷ್ಟಿ ಇನ್ನೂ ದೂರ ಹರಿದರೂ ಮುಖದ ಸೆಳೆತ ತಗ್ಗುವುದಿಲ್ಲ. ತಾಯಿಯ ದನಿಯಂತೂ ಗರ್ಭದಿಂದಲೇ ಪರಿಚಿತ. ಹುಟ್ಟಿ ಕೆಲವೇ ದಿನಗಳ ಶಿಶುಗಳು ಬೇರೆ ಹೆಂಗಸಿನ ದನಿಗಿಂತ ತಾಯಿಯ ದನಿಯನ್ನೇ ಬಯಸುತ್ತವೆ ಎಂಬುದನ್ನು ಸಂಶೋಧಕರಾದ ಡಿಕ್ಯಾಸ್ಪರ್ ಮತ್ತು ಫೈಫರ್ 1980ರಲ್ಲಿಯೇ ತೋರಿಸಿದರು. ಆದ್ದರಿಂದ ಆ ತಾಯಿಯ ದನಿ ಮಗುವಿಗೆ ಬೇಡವಾಗಿತ್ತೆಂಬುದು ಸುಳ್ಳು. ಮುಖ ತಿರುಗಿಸಿದ್ದು "ಸಾಕು" ಎಂದೋ "ನನ್ನನ್ನು ನೋಡು" ಎಂದೋ ಹೇಳಲು ಅದಕ್ಕಿರುವ ಒಂದು ದಾರಿ. ತಲೆ ಹಿಡಿದು ತಿರುಗಿಸಿದರೆ ಆ ಮೊದಲ ಮಾತನ್ನೇ ನಾವು ಅಲ್ಲಗಳೆದಂತಾಗುತ್ತದೆ.

ನನ್ನ ಸಲಹೆ ಇಷ್ಟೇ ಆಗಿತ್ತು. ಹೊಟ್ಟೆ ತುಂಬಿ, ಎಚ್ಚರವಾಗಿ, ಹಗುರವಾಗಿರುವ ಹೊತ್ತಿನಲ್ಲಿ ಒಂದೆರಡು ನಿಮಿಷ ಓದಿದರೂ ಸಾಕು. ಮಗು ಮುಖ ತಿರುಗಿಸಿದ ಕೂಡಲೇ ಪುಸ್ತಕ ಮುಚ್ಚಿ. ಕನ್ನಡದಲ್ಲೇ ಓದಿ, ಪುಟದಲ್ಲಿ ಇಲ್ಲದ್ದನ್ನೂ ಸೇರಿಸಿ ಹೇಳಿ. ಇನ್ನೆರಡು ತಿಂಗಳಲ್ಲಿ ಪುಸ್ತಕ ಬಾಯಿಗೆ ಹೋಗುತ್ತದೆ, ಆಗ ಗದರಬೇಡಿ. ದಪ್ಪ ರಟ್ಟಿನ ಅಥವಾ ಬಟ್ಟೆಯ ಪುಸ್ತಕ ಕೊಡಿ. ಪುಸ್ತಕದ ಬದಲಿಗೆ ಮೊಬೈಲ್ ಹಿಡಿಯುವುದಂತೂ ಬೇಡವೇ ಬೇಡ: ಒಂದು ವರ್ಷದೊಳಗಿನ ಮಕ್ಕಳಿಗೆ ಪರದೆ ತೋರಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ, ಓದಿ ಹೇಳುವುದನ್ನೂ ಕಥೆ ಹೇಳುವುದನ್ನೂ ಅದೇ ಸಂಸ್ಥೆ ಪ್ರೋತ್ಸಾಹಿಸಿದೆ.

ಓದಿದ ಹೆಣ್ಣುಮಗಳ ಉತ್ಸಾಹಕ್ಕೆ ತಣ್ಣೀರೆರಚಿದಿರಿ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ಓದನ್ನು ಬಿಡಿಸಲಿಲ್ಲ, ಅರ್ಧ ಗಂಟೆಯ ಕಟ್ಟಪ್ಪಣೆಯನ್ನು ಬಿಡಿಸಿದೆ. ಮೂರು ತಿಂಗಳ ಕೂಸಿನ ಮುಂದೆ ಓದು ಶಾಲೆಯ ತಯಾರಿಯಾದರೆ, ತಾಯಿ ಪರೀಕ್ಷೆಗೆ ಕೂತವಳಂತೆ ಬಳಲುತ್ತಾಳೆ; ಇಂಗ್ಲಿಷ್ ಕಲಿಯಲು ಮುಂದೆ ಬೇಕಾದಷ್ಟು ಕಾಲವಿದೆ. ಗಂಡನಿಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಹಾಗಾದರೆ ಆ ಪುಸ್ತಕಗಳನ್ನು ನೀವೇ ಮಗುವನ್ನು ಎದುರಿಗಿಟ್ಟುಕೊಂಡು ಓದಿ ಎಂದೆ, ಅದಕ್ಕೆ ಒಪ್ಪಿದ್ದಾರೆ.

ಇಂಥ ಆತಂಕವಿರುವ ಎಲ್ಲರಿಗೂ ಇದೇ ಉತ್ತರ ಸಾಲದು. ಜೋರು ಸದ್ದಿಗೂ ಬೆಚ್ಚದ ಅಥವಾ ಮೂರು ತಿಂಗಳಾದರೂ ಮುಖ ನೋಡಿ ನಗದ ಮಗುವನ್ನು ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ತಾಯಿಯ ಅಳು, ಬೇಸರ ಎರಡು ವಾರ ಮೀರಿ ಉಳಿದರೆ ಮನೆಯವರು ಅದನ್ನು ಬಾಣಂತಿಯ ಹಟವೆಂದು ತಳ್ಳಿಹಾಕದೆ ವೈದ್ಯರ ಬಳಿ ಕರೆದೊಯ್ಯಬೇಕು, ಇಲ್ಲವೇ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬೇಕು. ಈ ಸೇವೆ ಉಚಿತ.