ಅಮೆರಿಕದ ಲೇಖಕ ಲವ್‌ಕ್ರಾಫ್ಟ್ ಅವರ ಕಥೆಗಳನ್ನು ಪುಸ್ತಕವಾಗಿ ತರಲು ಆರ್ಕಮ್ ಹೌಸ್ ಎಂಬ ಪುಟ್ಟ ಪ್ರಕಾಶನವೇ ಏಕೆ ಹುಟ್ಟಬೇಕಾಯಿತು? ಅದು ಉಳಿದದ್ದು ಹೇಗೆ?

ದೊಡ್ಡ ಪ್ರಕಾಶಕರು ಒಪ್ಪಲಿಲ್ಲ, ಅದಕ್ಕೇ ಹುಟ್ಟಿತು. ತನ್ನ ಓದುಗರು ಯಾರೆಂದು ಅದಕ್ಕೆ ಮೊದಲೇ ಗೊತ್ತಿತ್ತು, ಅದರಿಂದ ಉಳಿಯಿತು.

1937ರಲ್ಲಿ ಎಚ್. ಪಿ. ಲವ್‌ಕ್ರಾಫ್ಟ್ ತೀರಿಕೊಂಡಾಗ ಅವರ ವಿಲಕ್ಷಣ ಭಯದ ಕಥೆಗಳಲ್ಲಿ ಬಹುಪಾಲು ‘ವಿಯರ್ಡ್ ಟೇಲ್ಸ್’ನಂಥ ಅಗ್ಗದ ಪತ್ರಿಕೆಗಳ ಹಳೆಯ ಸಂಚಿಕೆಗಳಲ್ಲಿ ಚದುರಿಹೋಗಿದ್ದವು. ಅವರೊಂದಿಗೆ ಪತ್ರವ್ಯವಹಾರವಿದ್ದ ಯುವ ಲೇಖಕರಾದ ಆಗಸ್ಟ್ ಡರ್ಲೆತ್ ಮತ್ತು ಡೊನಾಲ್ಡ್ ವಾಂಡ್ರಿ ಅವನ್ನು ಕಲೆಹಾಕಿ ಪ್ರಕಾಶಕರ ಮುಂದಿಟ್ಟರು. ಪತ್ರಿಕೆಯಾಚೆ ಹೆಸರಿಲ್ಲದ, ಅದೂ ಬದುಕಿಲ್ಲದ ಲೇಖಕನ ದಪ್ಪ ಕಥಾಸಂಕಲನ ಅವರಿಗೆ ಬೇಕಿರಲಿಲ್ಲ. ಕೊನೆಗೆ 1939ರಲ್ಲಿ, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಸಾಕ್ ಸಿಟಿ ಎಂಬ ಸಣ್ಣ ಊರಿನಿಂದ, ಆರ್ಕಮ್ ಹೌಸ್ ಹೆಸರಿನಲ್ಲಿ ಇವರೇ ಪ್ರಕಾಶಕರಾದರು.

ಮೊದಲ ಪುಸ್ತಕದ 1,268 ಪ್ರತಿಗಳು ಅಚ್ಚಾದವು. ಬೆಲೆ 5 ಡಾಲರ್, ಆ ಕಾಲಕ್ಕೆ ದುಬಾರಿಯೇ. ಅಷ್ಟೂ ಪ್ರತಿಗಳು ಮಾರಾಟವಾಗಲು ಸುಮಾರು ನಾಲ್ಕು ವರ್ಷ ಹಿಡಿಯಿತು! ಆದರೆ ಲೆಕ್ಕಾಚಾರ ಇರುವುದು ಇಲ್ಲೇ. ದೊಡ್ಡ ಪ್ರಕಾಶಕನಿಗೆ ಸಾವಿರದಷ್ಟು ಮಾರಾಟವೆಂದರೆ ಸೋಲು. ಕಡಿಮೆ ಪ್ರತಿ ಅಚ್ಚುಹಾಕಿ, ಅಭಿಮಾನಿಗಳ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು, ಅಂಚೆಯ ಮೂಲಕ ನೇರವಾಗಿ ಮಾರುವವನಿಗೆ ಅದು ಬಂಡವಾಳ ಮರಳಿದಂತೆ. ಹಾಗೆಂದು ಲಾಭದಾಯಕ ಉದ್ಯಮ ಎನ್ನಲು ನನಗೆ ಮನಸ್ಸಿಲ್ಲ: ಡರ್ಲೆತ್ ತಮ್ಮ ಸ್ವಂತ ಬರವಣಿಗೆಯ ಗಳಿಕೆಯನ್ನೂ ಇದಕ್ಕೆ ಸುರಿದರು.

ಮುಂದೆ ವೈಜ್ಞಾನಿಕ ಕಥೆಗಳಿಂದ ಹೆಸರಾದ ರೇ ಬ್ರಾಡ್‌ಬರಿ ಅವರ ಮೊದಲ ಪುಸ್ತಕ 1947ರಲ್ಲಿ ಬಂದದ್ದೂ ಇಲ್ಲಿಂದಲೇ.